ರೋಗ ಒಬ್ಬರದು, ಆರೈಕೆ ಎಲ್ಲರದು

‘ಸಕ್ಕರೆ ಕಾಯಿಲೆ ಅಮ್ಮನಿಗೆ, ಪಥ್ಯ ಅವರೇ ನೋಡಿಕೊಳ್ಳುತ್ತಾರೆ.’ ನಮ್ಮ ಕುಟುಂಬಗಳಲ್ಲಿ ಈ ಮಾತು ಎಷ್ಟು ಸಹಜವಾಗಿದೆಯೆಂದರೆ, ಅದರಲ್ಲಡಗಿರುವ ನಿರ್ದಯೆ ನಮಗೆ ಕಾಣಿಸುವುದೇ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವೊಂದು 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿಯೆಂದು ಅಂದಾಜಿಸಿತು. ಇದು ಪಟ್ಟಣದ ಸಿರಿವಂತರ ರೋಗವೆಂಬ ಭ್ರಮೆ ಇನ್ನು ಸಲ್ಲದು.

ಚಳ್ಳಕೆರೆ ಸೀಮೆಯ ಉಳ್ಳಾರ್ತಿ ಕಾವಲ್‌ನಂಥ ಬಯಲುನಾಡಿನ ಒಬ್ಬ ತಾಯಿಯನ್ನು ನೆನೆಯಿರಿ. ಬೆಳಿಗ್ಗೆ ಗುಳಿಗೆ ನುಂಗಿ ಶೇಂಗಾ ಹೊಲಕ್ಕೆ ನಡೆಯುತ್ತಾಳೆ. ಮನೆಯವರೆಲ್ಲ ಉಂಡ ಮೇಲೆ ತಾನು ಉಣ್ಣುತ್ತಾಳೆ. ಇನ್ಸುಲಿನ್ ಅಥವಾ ಕೆಲವು ಬಗೆಯ ಗುಳಿಗೆ ತೆಗೆದುಕೊಂಡವರು ಊಟ ತಡಮಾಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಬೆವರು, ನಡುಕ ಬಂದಾಗ ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇದು ಆ ಮನೆಯಲ್ಲಿ ಯಾರಿಗೆ ತಿಳಿದಿದೆ?

ಮುದ್ದೆ ಉಣ್ಣುವವರಿಗೆ ಭಯವಿಲ್ಲವೆಂಬ ಸಮಾಧಾನವೂ ಬೇಡ. ರಾಗಿಯಲ್ಲಿಯೂ ಪಿಷ್ಟವುಂಟು. ಮುದ್ದೆ ಚಿಕ್ಕದಾಗಿ ಸೊಪ್ಪು, ಕಾಳು ಹೆಚ್ಚಬೇಕು. ಈ ಅಡುಗೆ ಇಡೀ ಮನೆಗೇ ಹಿತ. ರೋಗಿಗೊಂದು ಬೇರೆ ಪಾತ್ರೆಯ ಅಗತ್ಯವಿಲ್ಲ.

‘ಅವರವರ ನಾಲಿಗೆಯನ್ನು ಅವರವರೇ ಬಿಗಿಹಿಡಿಯಬೇಡವೇ?’ ಎಂದು ಕೇಳುವವರಿದ್ದಾರೆ. ಹಿಡಿಯಬೇಕು, ನಿಜ. ಆದರೆ ತಟ್ಟೆಯ ಮುಂದೆ ಕುಳಿತವರನ್ನು ಗದರಿಸಿದರೆ ಅವರು ಮರೆಯಲ್ಲಿ ತಿನ್ನುತ್ತಾರೆ, ಅಷ್ಟೆ. ಸಂಜೆ ಜೊತೆಯಲ್ಲಿ ನಡೆಯುವ ಮಗ, ಗುಳಿಗೆ ಮುಗಿಯುವ ಮುನ್ನವೇ ತಂದಿಡುವ ಪತಿ, ಅತ್ತೆಗೆ ಹೊತ್ತಿಗೆ ಸರಿಯಾಗಿ ಬಡಿಸುವ ಸೊಸೆ ಇದ್ದಲ್ಲಿ ಸಂಯಮ ಸುಲಭವಾಗುತ್ತದೆ. ಕಫೆರ್ನವುಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು, ಮಾಳಿಗೆ ತೆರೆದು ಇಳಿಸಿದರು. ಹೊತ್ತು ತಂದವರ ವಿಶ್ವಾಸವನ್ನೂ ಯೇಸುಸ್ವಾಮಿ ಕಂಡರೆಂಬುದನ್ನು ಸಂತ ಮಾರ್ಕರ ಶುಭಸಂದೇಶದಲ್ಲಿ ಓದುತ್ತೇವೆ.

ಪವಿತ್ರ ಗುರುವಾರ ದೇವಾಲಯದಲ್ಲಿ ಪಾದ ತೊಳೆಯುವ ವಿಧಿಯನ್ನು ಭಕ್ತಿಯಿಂದ ನೋಡುವ ನಾವು, ಮನೆಯ ಮಧುಮೇಹಿಯ ಪಾದವನ್ನು ಎಂದಾದರೂ ನೋಡಿದ್ದೇವೆಯೇ? ಈ ರೋಗ ನರಗಳನ್ನು ಕುಂದಿಸಿದಾಗ ಜಾಲಿಮುಳ್ಳು ಚುಚ್ಚಿದರೂ ಅರಿವಾಗದು. ಗಾಯ ಕೊಳೆತು ಕಾಲನ್ನೇ ಕತ್ತರಿಸಬೇಕಾದೀತು. ಕಣ್ಣು ಮಂಜಾದ ತಾಯಿ ತನ್ನ ಅಂಗಾಲನ್ನು ತಾನೇ ಹೇಗೆ ಪರೀಕ್ಷಿಸಿಕೊಂಡಾಳು?

ಪ್ರಿಯ ಕುಟುಂಬಗಳೇ, ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಗೃಹ ಧರ್ಮಸಭೆಯೆಂದು ಕರೆಯಿತು. ಇಂದು ರಾತ್ರಿ ಜಪಸರ ಮುಗಿದ ಬಳಿಕ ಮಕ್ಕಳಲ್ಲೊಬ್ಬರು ಆ ಪಾದಗಳನ್ನು ಬೆಳಕಿಗೆ ಹಿಡಿದು ನೋಡಲಿ, ತೊಳೆದು ಬೆರಳ ಸಂದುಗಳನ್ನು ಒರೆಸಲಿ. ನಾಳೆಯೂ ಹಾಗೆಯೇ ಮಾಡಲಿ.