ಹಬ್ಬಕ್ಕೆ ಮೊದಲೇ ಮುಗಿಯುವ ವಿಮೆ

2025ರ ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನ. ಅಂದೇ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಅದರ ಮೇಲಿದ್ದ ಸೆಸ್ಸೂ ಹೋಯಿತು. ಬೆಲೆ ಇಳಿಯಲೆಂದು ಕಾದಿದ್ದವರು ಷೋರೂಮಿಗೆ ನುಗ್ಗಿದರು. ಕೋಲಾರದ ಹುತ್ತೂರು ಹೋಬಳಿಯ ಹಳ್ಳಿಗಳಲ್ಲೂ ಆಯುಧಪೂಜೆಯ ದಿನ ಕೆಎ 07 ನಂಬರಿನ ಹೊಸ ಗಾಡಿಗಳ ಮುಂದೆ ಬೂದುಗುಂಬಳ ಒಡೆದದ್ದು, ಚಕ್ರದಡಿ ನಿಂಬೆಹಣ್ಣು ಇಟ್ಟದ್ದು ಆಯಿತು. ಆ ಕಾರುಗಳ ವಿಮೆಗೆ ಈಗ ಮೊದಲ ಗಡುವು ಬರುತ್ತಿದೆ.

ತೊಡಕು ಪಂಚಾಂಗದಲ್ಲಿದೆ. 2026ರಲ್ಲಿ ಅಧಿಕ ಜ್ಯೇಷ್ಠ ಮಾಸ ಬಿದ್ದಿದ್ದರಿಂದ ನವರಾತ್ರಿ ಶುರುವಾಗುವುದು ಅಕ್ಟೋಬರ್ 11ಕ್ಕೆ. ‘ದಸರಾಕ್ಕೆ ತಂದ ಗಾಡಿ, ದಸರಾಕ್ಕೆ ಕಟ್ಟಿದರಾಯಿತು’ ಎಂದುಕೊಂಡವರಲ್ಲಿ ಮೊದಲ ದಿನವೇ ಕೊಂಡವರ ಒಂದು ವರ್ಷದ ವಿಮೆ ಸೆಪ್ಟೆಂಬರ್ 21ರ ಮಧ್ಯರಾತ್ರಿಗೇ ಮುಗಿದಿರುತ್ತದೆ. ವಿಮಾ ಕಂಪನಿಗೆ ಅಧಿಕ ಮಾಸ ಗೊತ್ತಿಲ್ಲ.

ಇನ್ನೊಂದು ತೊಡಕು ಪಾಲಿಸಿಯ ಹಾಳೆಯಲ್ಲೇ ಇದೆ. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ. ನಮ್ಮ ಗಾಡಿಗೇ ಆಗುವ ನಷ್ಟದ ವಿಮೆ, ಅಂದರೆ ಓನ್ ಡ್ಯಾಮೇಜ್, ಸಾಮಾನ್ಯವಾಗಿ ಒಂದೇ ವರ್ಷದ್ದು. ಹಾಳೆಯಲ್ಲಿ ಎರಡು ಸಾಲು, ಎರಡು ತಾರೀಖು, ಸಣ್ಣ ಅಕ್ಷರದ ಇಂಗ್ಲಿಷು. ಮನೆಯವರಿಗೆ ನೆನಪಿರುವುದು ಷೋರೂಮಿನ ಹುಡುಗ ಹೇಳಿದ ‘ಮೂರು ವರ್ಷ ಇನ್ಶೂರೆನ್ಸ್ ಇದೆ ಸಾರ್’ ಎಂಬ ಮಾತು ಮಾತ್ರ. ಓನ್ ಡ್ಯಾಮೇಜ್ ಮುಗಿದಿರುವುದು ಪೊಲೀಸರು ತಡೆದು ನೋಡಿದರೂ ಸಿಕ್ಕಿಬೀಳುವುದಿಲ್ಲ, ಕಾನೂನು ಕೇಳುವುದು ಥರ್ಡ್ ಪಾರ್ಟಿಯನ್ನಷ್ಟೆ. ಬೇತಮಂಗಲದಿಂದ ಹೊಸಕೋಟೆಗೆ ಹೋಗುವ ಎಕ್ಸ್‌ಪ್ರೆಸ್ ವೇಯಲ್ಲಿ ಬಾನೆಟ್ ನಜ್ಜುಗುಜ್ಜಾದ ದಿನವೇ ಗೊತ್ತಾಗುವುದು. ಬ್ಯಾಂಕಿನ ಕಂತಂತೂ ಅದಕ್ಕಾಗಿ ನಿಲ್ಲುವುದಿಲ್ಲ.

2023ರಲ್ಲಿ ಕಾರು ಕೊಂಡವರದು ಇದರ ತಿರುವುಮುರುವು. ಓನ್ ಡ್ಯಾಮೇಜ್ ಮಾತ್ರ ನವೀಕರಿಸಿಕೊಂಡು ಬಂದವರ ಥರ್ಡ್ ಪಾರ್ಟಿ 2026ರಲ್ಲಿ ಮುಗಿಯುತ್ತದೆ. ಅದಿಲ್ಲದೆ ರಸ್ತೆಗಿಳಿದರೆ ಮೊದಲ ಸಲ 2,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ದಂಡ ಚಿಲ್ಲರೆ ವಿಷಯ. ಯಾರಿಗಾದರೂ ಗುದ್ದಿದರೆ ಪರಿಹಾರದ ಹಣಕ್ಕೆ ಹೊಲವೇ ಹೋಗಬಹುದು.

ದುಡ್ಡು ಉಳಿಸಬೇಕೆನ್ನುವುದರಲ್ಲಿ ತಪ್ಪೇನಿಲ್ಲ. ಟೊಮೆಟೊ ದರ ನೆಲಕಚ್ಚಿದ ವರ್ಷ ಕೋಲಾರದ ರೈತ ಎಲ್ಲಿ ಕೈಬಿಗಿ ಮಾಡಬಹುದೆಂದು ನೋಡಿಯೇ ನೋಡುತ್ತಾನೆ. ಆದರೆ ಚೌಕಾಸಿ ಮಾಡುವ ಜಾಗ ತಿಳಿದಿರಬೇಕು. ಥರ್ಡ್ ಪಾರ್ಟಿಯ ದರ ಗೊತ್ತುಮಾಡುವುದು ಸರ್ಕಾರ. 2022ರ ಜೂನ್ 1ರಿಂದ ಬಂದ ದರದಲ್ಲಿ 1,000 ಸಿಸಿವರೆಗಿನ ಕಾರಿಗೆ ವರ್ಷಕ್ಕೆ 2,094, 1,500 ಸಿಸಿವರೆಗೆ 3,416 ರೂಪಾಯಿ, ತೆರಿಗೆ ಬೇರೆ. ಯಾವ ಕಂಪನಿಗೆ ಹೋದರೂ ಇದರಲ್ಲಿ ರೂಪಾಯಿ ಕಮ್ಮಿಯಾಗದು. ಕಂಪನಿಯಿಂದ ಕಂಪನಿಗೆ ಬದಲಾಗುವುದು ಓನ್ ಡ್ಯಾಮೇಜ್ ಭಾಗ, ಕೇಳಬೇಕಾದ್ದು ಅಲ್ಲಿ.

ಮೊದಲು ನೋ ಕ್ಲೇಮ್ ಬೋನಸ್. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಓನ್ ಡ್ಯಾಮೇಜ್ ಕಂತಿನಲ್ಲಿ ಶೇ 20, ಐದು ವರ್ಷಕ್ಕೆ ಶೇ 50 ರಿಯಾಯಿತಿ. ಇದು ಗಾಡಿಯದಲ್ಲ, ಮಾಲೀಕನದು. ಹಳೇ ಕಾರು ಮಾರಿ ಹೊಸದು ಕೊಂಡವರು ಹಳೇ ಕಂಪನಿಯಿಂದ ಪತ್ರ ತಂದರೆ ಹೊಸ ಗಾಡಿಗೂ ಸಿಗುತ್ತದೆ. ಸವಕಳಿ ಕಳೆಯದ ‘ಜೀರೋ ಡೆಪ್’ ಇಲ್ಲದ ಪಾಲಿಸಿಯಲ್ಲಿ 4,000 ರೂಪಾಯಿಯ ಪ್ಲಾಸ್ಟಿಕ್ ಬಂಪರಿಗೆ ಕ್ಲೇಮ್ ಹಾಕಿದರೆ ಸವಕಳಿ ಎಂದು ಅರ್ಧ ಹೋಗುತ್ತದೆ, ನಾವೇ ಹೊರಬೇಕಾದ ಕಡ್ಡಾಯ 1,000 ಹೋಗುತ್ತದೆ, ಕೈಗೆ ಬರುವುದು ಸಾವಿರ. ಆ ಸಾವಿರಕ್ಕಾಗಿ ಬೋನಸ್ಸನ್ನೇ ಕಳೆದುಕೊಳ್ಳುವವರಿದ್ದಾರೆ.

ವಾರಕ್ಕೊಮ್ಮೆ ಸಂತೆಗೋ ಮದುವೆಗೋ ಮಾತ್ರ ಕಾರು ತೆಗೆಯುವವರು ಓಡಿಸಿದ ಕಿಲೋಮೀಟರಿಗೆ ತಕ್ಕ ಕಂತು ಕಟ್ಟುವ ಸೌಲಭ್ಯ ಕೇಳಬಹುದು. 2022ರ ಜುಲೈನಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ ಇದಕ್ಕೆ ಅನುಮತಿ ಕೊಟ್ಟಿದೆ. ನೀರು ನುಗ್ಗಿ ಎಂಜಿನ್ ಕೆಟ್ಟರೆ ಎಂದು ಕಟ್ಟಿಸುವ ಕವರ್ ಮಳೆ ಕಾಣದ ನಮ್ಮ ಸೀಮೆಗೆ ತಮಾಷೆಯಂತೆ ಕಂಡೀತು. ದಿನಾ ಬೆಂಗಳೂರಿನ ಅಂಡರ್‌ಪಾಸ್ ದಾಟುವವರು ಮಾತ್ರ ಅದನ್ನು ಬಿಡಬಾರದು.

ಕೈ ಹಚ್ಚಬಾರದ ಜಾಗಗಳೂ ಇವೆ. ಕಂತು ಕಮ್ಮಿ ತೋರಿಸಲು ಏಜೆಂಟರು ಐಡಿವಿಯನ್ನು, ಅಂದರೆ ಪಾಲಿಸಿಯಲ್ಲಿ ಬರೆದ ಗಾಡಿಯ ಬೆಲೆಯನ್ನು, ಇಳಿಸುತ್ತಾರೆ. ಆರು ಲಕ್ಷದ ಕಾರಿಗೆ ಒಂದು ವರ್ಷ ದಾಟಿದ ಮೇಲೆ ಶೇ 20 ಸವಕಳಿ ಕಳೆದು 4.80 ಲಕ್ಷ ಇರಬೇಕು. ನಾಲ್ಕು ಲಕ್ಷ ಎಂದು ಬರೆಸಿದ್ದರೆ, ಗಾಡಿ ಕಳುವಾದ ದಿನ 80 ಸಾವಿರ ನಮ್ಮ ತಲೆಯ ಮೇಲೆ. ವೈಟ್ ಬೋರ್ಡ್ ಕಾರಿನಲ್ಲಿ ನರಸಾಪುರದ ಕಾರ್ಖಾನೆಗೆ ಆಳು ಸಾಗಿಸಿ ಬಾಡಿಗೆ ಪಡೆಯುವುದು, ಹಿಂದಿನ ಸೀಟು ಮಡಚಿ ಟೊಮೆಟೊ ಬಾಕ್ಸ್ ತುಂಬಿ ಮಂಡಿಗೆ ಒಯ್ಯುವುದು, ಎರಡೂ ಖಾಸಗಿ ಕಾರಿನ ಪಾಲಿಸಿಗೆ ಹೊರಗಿನವು. ಹಳದಿ ಬೋರ್ಡಿನ ಖರ್ಚು ಉಳಿಯಿತೆಂದು ಖುಷಿಪಟ್ಟವರ ಕ್ಲೇಮ್ ತಿರಸ್ಕಾರವಾಗಲು ಇಷ್ಟು ಸಾಕು.

ಇನ್ನು ‘ಥರ್ಡ್ ಪಾರ್ಟಿ ಒಂದಿದ್ರೆ ಸಾಕಣ್ಣ, ಮಿಕ್ಕಿದ್ದು ದಂಡ’ ಎನ್ನುವ ಸಲಹೆ ಎಲ್ಲಿಗೆ ಮುಟ್ಟಿಸುತ್ತದೆಂದು ಒಂದು ಮೊಕದ್ದಮೆ ತೋರಿಸುತ್ತದೆ. 2014ರ ಜೂನ್ 18ರಂದು ಮಲ್ಲಸಂದ್ರದಿಂದ ಅರಸೀಕೆರೆಗೆ ಹೊರಟ ಕಾರು ಪಲ್ಟಿಯಾಗಿ, ಓಡಿಸುತ್ತಿದ್ದವರು ತೀರಿಕೊಂಡರು. ಮನೆಯವರು 80 ಲಕ್ಷ ಪರಿಹಾರ ಕೇಳಿದರು. ಅತಿವೇಗದ ತಪ್ಪು ಓಡಿಸಿದವರದೇ ಎಂದು ಹೈಕೋರ್ಟ್ ತಳ್ಳಿಹಾಕಿತು, 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬದಲಿಸಲು ಒಪ್ಪಲಿಲ್ಲ. ಥರ್ಡ್ ಪಾರ್ಟಿ ಇರುವುದು ಎದುರಿನವನಿಗೆ. ಸ್ಟೀರಿಂಗ್ ಹಿಡಿದ ಮಾಲೀಕನಿಗೆ ಇರುವುದು 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ. ಮನೆಯಲ್ಲಿ ಬೈಕು, ಕಾರು ಎರಡೂ ಒಬ್ಬರ ಹೆಸರಿನಲ್ಲಿದ್ದರೆ ಅದನ್ನು ಒಂದು ಗಾಡಿಗೆ ಕಟ್ಟಿದರೆ ಸಾಕು, ಎರಡೆರಡು ಸಲ ಕಟ್ಟುವುದು ದುಂದು. ಅಪ್ಪನ ಹೆಸರಿನ ಆರ್‌ಸಿ, ಓಡಿಸುವವನು ಮಗ ಎಂಬ ನಮ್ಮ ಹಳ್ಳಿಯ ಪದ್ಧತಿಯಲ್ಲಿ ಈ 15 ಲಕ್ಷ ಮಗನಿಗೆ ಬರುವುದಿಲ್ಲ. ಅವನಿಗೆ ಬೇರೆಯದೇ ಅಪಘಾತ ವಿಮೆ ಬೇಕು.

ಕಾರು ಮಾರುವಾಗ ಕನ್ನಡದಲ್ಲಿ ಮಾತಾಡಿದ ಷೋರೂಮಿನವರು, ಸಾಲ ಕೊಟ್ಟ ಬ್ಯಾಂಕಿನವರು ಸೆಪ್ಟೆಂಬರ್ ಮೊದಲ ವಾರದಲ್ಲೇ ಪಾಲಿಸಿಯ ಆ ಎರಡೂ ತಾರೀಖುಗಳನ್ನು ಕನ್ನಡದಲ್ಲೇ ಮೆಸೇಜ್ ಮಾಡಲಿ. ಅವಧಿ ತಪ್ಪಿದವರಿಗೂ ಬೋನಸ್ 90 ದಿನ ಉಳಿದಿರುತ್ತದೆ. ಸೆಪ್ಟೆಂಬರ್ 21ಕ್ಕೆ ಮುಗಿದ ಪಾಲಿಸಿಗೆ ಆ ಲೆಕ್ಕ ಡಿಸೆಂಬರ್ 20ಕ್ಕೆ ನಿಲ್ಲುತ್ತದೆ. ನವೀಕರಿಸುವ ಮೊದಲೇ ಗಾಡಿಗೆ ಆದ ನಷ್ಟಕ್ಕೆ ಮಾತ್ರ ಬಿಡಿಗಾಸೂ ಸಿಗುವುದಿಲ್ಲ.