ಕರೆಂಟು ಕಂಪನಿಯ ಸಾಲವನ್ನು ನಾವೂ ಅಳೆಯೋಣ



ಪಂಪ್‌ಸೆಟ್ಟಿಗೆ ಸಾಲ ಬೇಕು ಅಂತ ಬ್ಯಾಂಕಿನ ಮೆಟ್ಟಿಲು ಹತ್ತಿದರೆ ಮೊದಲು ಏನು ಕೇಳುತ್ತಾರೆ? ಪಹಣಿ ಎಲ್ಲಿ? ಸೊಸೈಟಿಯಲ್ಲಿ ಬಾಕಿ ಇಲ್ಲ ಅನ್ನುವ ಪತ್ರ ಎಲ್ಲಿ? ಹಳೇ ಸಾಲ ಎಷ್ಟಿದೆ? ನಿಮ್ಮ ಕೈಯಿಂದ ಎಷ್ಟು ಹಾಕುತ್ತೀರಿ? ಬೆಳೆ ಬಂದರೆ ಕಂತು ಕಟ್ಟಲು ಎಷ್ಟು ಉಳಿಯುತ್ತದೆ? ಕೇಳಲಿ, ತಪ್ಪಲ್ಲ. ಸಾಲ ಕೊಡುವವನು ಕೇಳಲೇಬೇಕು. ಆದರೆ ಆ ಪಂಪ್‌ಸೆಟ್ಟಿಗೆ ಕರೆಂಟು ಕೊಡುವ ಕಂಪನಿ ಎಷ್ಟು ಸಾಲದ ಮೇಲೆ ನಿಂತಿದೆ ಅಂತ ನಾವು ಒಂದು ದಿನವಾದರೂ ಕೇಳಿದ್ದೇವೆಯೇ?

ಕೇಳುವ ಹಕ್ಕು ನಮಗಿದೆ. ಆ ಸಾಲದ ಬಡ್ಡಿ ಕಂಪನಿಯ ಜೇಬಿನಿಂದ ಹೋಗುವುದಿಲ್ಲ. ಅದು ದರದೊಳಗೆ ಸೇರುತ್ತದೆ. ಮನೆಯ ದೀಪದ ಬಿಲ್ಲಿನಲ್ಲಿ ಇದೆ, ಹಿಟ್ಟಿನ ಗಿರಣಿಯವನು ಕೇಳುವ ದುಡ್ಡಿನಲ್ಲಿ ಇದೆ. ಅಷ್ಟೇ ಅಲ್ಲ, ಕಂಪನಿಗಳು ಸಾಲದಲ್ಲಿ ಮುಳುಗಿದಾಗಲೆಲ್ಲ ಪೇಟೆಯವರ ಬೆರಳು ನಮ್ಮ ಕಡೆಗೇ ತಿರುಗುತ್ತದೆ: “ರೈತರಿಗೆ ಪುಕ್ಕಟೆ ಕರೆಂಟು ಕೊಟ್ಟು ಹಾಳಾಯಿತು.” ಈ ಮಾತಿಗೆ ಕೂಗಾಡಿ ಉತ್ತರ ಕೊಡಲಾಗದು. ಲೆಕ್ಕ ಹಾಕಿ ಕೊಡಬೇಕು. ಲೆಕ್ಕ ಕಷ್ಟದ್ದೇನಲ್ಲ. ಸೊಸೈಟಿಯ ಮಹಾಸಭೆಯಲ್ಲಿ ಅಢಾವೆ ಪತ್ರಿಕೆ ಓದಿ ಗೊತ್ತಿರುವವರಿಗೆ ಇದೂ ತಿಳಿಯುತ್ತದೆ.

ಮೊದಲು ದೀರ್ಘಾವಧಿ ಸಾಲ ಅಂದರೆ ಏನು ಅಂತ ನೋಡೋಣ. ಒಂದು ವರ್ಷದೊಳಗೆ ತೀರಿಸಬೇಕಾದದ್ದು ಅಲ್ಪಾವಧಿ, ಅದಕ್ಕೂ ಆಚೆಗೆ ಹೋಗುವುದು ದೀರ್ಘಾವಧಿ. ನಮ್ಮಲ್ಲಿ ಬೆಳೆಸಾಲ ಬೇರೆ, ಬಾವಿಗೆ, ಟ್ರ್ಯಾಕ್ಟರಿಗೆ ತೆಗೆದ ಸಾಲ ಬೇರೆ ಇಲ್ಲವೇ? ಹಾಗೇ. ವಿದ್ಯುತ್ ಸ್ಥಾವರ, ತಂತಿ ಮಾರ್ಗ, ಸಬ್‌ಸ್ಟೇಷನ್ ಇವೆಲ್ಲ ಇಪ್ಪತ್ತೈದು ವರ್ಷ, ಅದಕ್ಕೂ ಮೇಲೆ ಬಾಳುವ ಆಸ್ತಿಗಳು. ಇವನ್ನು ಒಂದು ವರ್ಷದ ಸಾಲದಲ್ಲಿ ಕಟ್ಟಲು ಹೊರಟವನು ಮೂರ್ಖ. ಆದ್ದರಿಂದ ಕರೆಂಟು ಕಂಪನಿ ದೀರ್ಘಾವಧಿ ಸಾಲ ಮಾಡಿದೆ ಅಂದ ಮಾತ್ರಕ್ಕೆ ಅದು ಕೆಟ್ಟಿತು ಅಂತಲ್ಲ. ಎಷ್ಟು ಸಾಲ, ಯಾತಕ್ಕೆ ಸಾಲ, ತೀರಿಸುವ ಶಕ್ತಿ ಇದೆಯೇ, ಇದು ಪ್ರಶ್ನೆ.

ಮೊದಲನೇ ಅಳತೆ ಹೀಗೆ. ಕಂಪನಿಯ ಅಢಾವೆ ಪತ್ರಿಕೆಯಲ್ಲಿ ದೀರ್ಘಾವಧಿ ಸಾಲ ಎಷ್ಟಿದೆ ನೋಡಿ. ಷೇರು ಬಂಡವಾಳ ಮತ್ತು ಕಾಯ್ದಿಟ್ಟ ನಿಧಿ ಸೇರಿಸಿ ಸ್ವಂತ ಹಣ ಎಷ್ಟು ನೋಡಿ. ಎರಡನ್ನೂ ಕೂಡಿಸಿ. ಆ ಮೊತ್ತದಲ್ಲಿ ಸಾಲದ ಪಾಲು ನೂರಕ್ಕೆ ಎಷ್ಟು? ಅದೇ ಅಳತೆ. ನಮ್ಮ ದೇಶದಲ್ಲಿ ವಿದ್ಯುತ್ ದರ ನಿಗದಿ ಮಾಡುವಾಗ ಸ್ಥಾವರದ ವೆಚ್ಚದಲ್ಲಿ 70 ಭಾಗ ಸಾಲ, 30 ಭಾಗ ಸ್ವಂತ ಹಣ ಅನ್ನುವುದನ್ನು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಮಾದರಿಯಾಗಿ ಇಟ್ಟುಕೊಂಡಿದೆ. ಸ್ವಂತ ಹಣ 30 ಭಾಗಕ್ಕಿಂತ ಹೆಚ್ಚು ಹಾಕಿದರೂ ಹೆಚ್ಚಿನದನ್ನು ಸಾಲವೆಂದೇ ಲೆಕ್ಕ ಹಿಡಿಯುತ್ತಾರೆ. ಯಾಕೆ ಗೊತ್ತೇ? ಸ್ವಂತ ಹಣದ ಮೇಲಿನ ಲಾಭವನ್ನೂ ದರದೊಳಗೇ ಸೇರಿಸಿ ಕೊಡುತ್ತಾರೆ. ಆಯೋಗದ 2019 ರ ನಿಯಮದಲ್ಲಿ ಉಷ್ಣ ವಿದ್ಯುತ್ ಸ್ಥಾವರಕ್ಕೆ ಅದು ನೂರಕ್ಕೆ 15.5. ಸಾಲದ ಬಡ್ಡಿಯೂ ಗ್ರಾಹಕನದೇ, ಬಂಡವಾಳದ ಲಾಭವೂ ಗ್ರಾಹಕನದೇ. ನಮ್ಮ ರಾಗಿಗೆ, ಕಬ್ಬಿಗೆ ಹಾಕಿದ ಹಣದ ಮೇಲೆ ನೂರಕ್ಕೆ 15.5 ಲಾಭ ಸೇರಿಸಿಯೇ ಬೆಲೆ ಕಟ್ಟುತ್ತೇವೆ ಅಂತ ಬರೆದುಕೊಟ್ಟ ಆಯೋಗ ಯಾವುದಾದರೂ ಇದ್ದರೆ ಹೇಳಿ!

ಇನ್ನು ಒಂದು ಸೂಕ್ಷ್ಮ. ಒಂದು ಕಂಪನಿಗೆ 70 ಕೋಟಿ ಸಾಲ, 30 ಕೋಟಿ ಸ್ವಂತ ಹಣ ಅಂತ ಇಟ್ಟುಕೊಳ್ಳಿ. ಸಾಲದ ಪಾಲು ನೂರಕ್ಕೆ 70. ಮುಂದಿನ ವರ್ಷ 10 ಕೋಟಿ ನಷ್ಟವಾಯಿತು. ಸ್ವಂತ ಹಣ 20 ಕೋಟಿಗೆ ಇಳಿಯಿತು. ಈಗ ಸಾಲದ ಪಾಲು ನೂರಕ್ಕೆ ಸುಮಾರು 78. ಹೊಸದಾಗಿ ಒಂದು ಪೈಸೆ ಸಾಲ ಮಾಡಿಲ್ಲ, ಆದರೂ ಅಳತೆ ಏರಿತು! ಒಟ್ಟು ನಷ್ಟ 40 ಕೋಟಿಗೆ ಹೋದರೆ ಸ್ವಂತ ಹಣ ಸೊನ್ನೆಗಿಂತ ಕೆಳಗೆ ಬೀಳುತ್ತದೆ, ಸಾಲದ ಪಾಲು ನೂರಕ್ಕೆ ನೂರನ್ನೂ ದಾಟುತ್ತದೆ. ಅಂದರೆ ಕಂಪನಿ ಪೂರ್ತಿ ಸಾಲ ಕೊಟ್ಟವರ ಹಣದ ಮೇಲೆ ಉಸಿರಾಡುತ್ತಿದೆ ಅಂತ ಅರ್ಥ. ಆದ್ದರಿಂದ ಒಂದು ವರ್ಷದ ಅಂಕಿ ನೋಡಿದರೆ ಸಾಲದು. ಐದು ವರ್ಷದ್ದು ಸಾಲಾಗಿ ಬರೆದು ನೋಡಿ.

ಎರಡನೇ ಅಳತೆ ಬಡ್ಡಿ ಕಟ್ಟುವ ಶಕ್ತಿ. ಬಡ್ಡಿ, ತೆರಿಗೆ ಕಟ್ಟುವುದಕ್ಕೆ ಮುಂಚಿನ ಲಾಭವನ್ನು ಆ ವರ್ಷದ ಬಡ್ಡಿಯಿಂದ ಭಾಗಿಸಿ. 70 ಕೋಟಿಗೆ ನೂರಕ್ಕೆ 10 ರಂತೆ ಬಡ್ಡಿ 7 ಕೋಟಿ. ಲಾಭ 14 ಕೋಟಿ ಇದ್ದರೆ ಎರಡು ಪಟ್ಟು, ನಿಶ್ಚಿಂತೆ. 7 ಕೋಟಿ ಇದ್ದರೆ ಬಂದದ್ದೆಲ್ಲ ಬಡ್ಡಿಗೇ ಸರಿ. 5 ಕೋಟಿ ಇದ್ದರೆ ಬಡ್ಡಿ ಕಟ್ಟಲಿಕ್ಕೇ ಸಾಲ ಮಾಡಬೇಕು. ಹಳೇ ಸಾಲಕ್ಕೆ ಹೊಸ ಸಾಲ ಎತ್ತಿ ಪುಸ್ತಕದಲ್ಲಿ ಚಾಲ್ತಿ ಮಾಡಿಸುವ ಕಷ್ಟ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೂರನೆಯದು, ಸಾಲ ಅಡಗಿ ಕೂರುವ ಜಾಗಗಳು. ದೀರ್ಘಾವಧಿ ಸಾಲದಲ್ಲಿ ಈ ವರ್ಷ ಕಟ್ಟಬೇಕಾದ ಕಂತನ್ನು 2021 ರ ತಿದ್ದುಪಡಿಯ ನಂತರ ಅಲ್ಪಾವಧಿ ಸಾಲದ ಕೆಳಗೆ ತೋರಿಸುತ್ತಾರೆ. ಅಳೆಯುವವರು ಅದನ್ನು ಹುಡುಕಿ ವಾಪಸು ಸೇರಿಸಬೇಕು. ಕರೆಂಟು ಮಾರಿದ ಸ್ಥಾವರದವರಿಗೆ ಉಳಿಸಿಕೊಂಡ ಬಾಕಿ “ಸಾಲ” ಅನ್ನುವ ಹೆಸರಿನಲ್ಲಿ ಕಾಣುವುದೇ ಇಲ್ಲ. ಗೊಬ್ಬರದ ಅಂಗಡಿಯ ಉದ್ರಿ ಸಾಲವಲ್ಲವೇ?

ಸಾಲ ಅಡಗಿಸುವುದರಲ್ಲಿ ಜಗತ್ತಿಗೇ ಗುರುವಾದದ್ದು ಅಮೆರಿಕದ ಎನ್ರಾನ್. ನೆರೆಯ ಮಹಾರಾಷ್ಟ್ರದ ದಾಭೋಲ್‌ನಲ್ಲಿ ಸ್ಥಾವರ ಕಟ್ಟಿ 1999 ರಲ್ಲಿ ಕರೆಂಟು ಮಾರಲು ಶುರು ಮಾಡಿದ್ದೂ ಅದೇ ಕಂಪನಿ. ಆ ದರ ತಡೆಯಲಾಗದೆ 2001 ರಲ್ಲಿ ಮಹಾರಾಷ್ಟ್ರದ ವಿದ್ಯುತ್ ಮಂಡಳಿ ಕೊಳ್ಳುವುದನ್ನೇ ನಿಲ್ಲಿಸಿತು. ಅದೇ ವರ್ಷ ನವೆಂಬರಿನಲ್ಲಿ ಎನ್ರಾನ್ ತನ್ನ ಬ್ಯಾಂಕುಗಳ ಮುಂದೆ ಬಾಯಿ ಬಿಟ್ಟಿತು: ಅಢಾವೆ ಪತ್ರಿಕೆಯಲ್ಲಿ ತೋರಿಸಿದ್ದ ಸಾಲ ಸುಮಾರು 1,300 ಕೋಟಿ ಡಾಲರ್, ನಿಜವಾಗಿ ಇದ್ದದ್ದು ಸುಮಾರು 3,800 ಕೋಟಿ ಡಾಲರ್. ಉಳಿದದ್ದನ್ನು ಪಾಲುದಾರಿಕೆ ಸಂಸ್ಥೆಗಳ ಮತ್ತು ಬೇರೆ ಬೇರೆ ವ್ಯವಹಾರಗಳ ಹೆಸರಿನಲ್ಲಿ ಪತ್ರಿಕೆಯಿಂದ ಆಚೆ ಇಟ್ಟಿದ್ದರು. ಕಂಪನಿಗಳ ಯೋಗ್ಯತೆಗೆ ಅಂಕ ಕೊಡುವ ದೊಡ್ಡ ಸಂಸ್ಥೆಗಳು ನವೆಂಬರ್ 28 ರವರೆಗೂ ಎನ್ರಾನ್ ಸಾಲಕ್ಕೆ ಯೋಗ್ಯ ಎಂದೇ ಹೇಳುತ್ತಿದ್ದವು. ಡಿಸೆಂಬರ್ 2 ಕ್ಕೆ ಅದು ದಿವಾಳಿ ಅರ್ಜಿ ಹಾಕಿತು. ನಾಲ್ಕೇ ದಿನ! ಅಳತೆಗೋಲು ಸರಿಯಾಗಿದ್ದರೂ ಅಳೆಯಲು ಕೊಟ್ಟ ವಸ್ತುವೇ ಅರ್ಧ ಇದ್ದರೆ ಹೀಗಾಗುತ್ತದೆ.

ಈಗ ನಮ್ಮ ತಲೆಯ ಮೇಲಿನ ಆರೋಪಕ್ಕೆ ಬರೋಣ. ಕರ್ನಾಟಕದಲ್ಲಿ 10 ಎಚ್.ಪಿ. ವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಆದರೆ ಅದು ಕಂಪನಿ ಕೊಡುವ ದಾನವಲ್ಲ. ಅದರ ಬೆಲೆ ಕೊಡಬೇಕಾದದ್ದು ಸರ್ಕಾರ. 2003 ರ ವಿದ್ಯುತ್ ಕಾಯಿದೆಯ 65 ನೇ ಕಲಂ ಸ್ಪಷ್ಟವಾಗಿದೆ: ಯಾರಿಗಾದರೂ ರಿಯಾಯಿತಿ ಕೊಡಬೇಕೆಂದರೆ ರಾಜ್ಯ ಸರ್ಕಾರ ಆ ಸಹಾಯಧನವನ್ನು ಮುಂಗಡವಾಗಿ ಕಟ್ಟಬೇಕು. ಅದು ತಡವಾದರೆ ಕಂಪನಿ ಬ್ಯಾಂಕಿಗೆ ಓಡುತ್ತದೆ, ಬಡ್ಡಿ ಬೆಳೆಯುತ್ತದೆ. ಆಗ ಸುಸ್ತಿದಾರ ಯಾರು? ಪಂಪ್‌ಸೆಟ್ಟಿನ ರೈತನೋ, ದುಡ್ಡು ಕೊಡಬೇಕಾದ ಖಜಾನೆಯೋ? ಕಂಪನಿಯ ಸಾಲದ ಲೆಕ್ಕದ ಪಕ್ಕದಲ್ಲೇ ಸರ್ಕಾರದಿಂದ ಬರಬೇಕಾದ ಬಾಕಿಯನ್ನೂ ಬರೆಯದೆ ನಮ್ಮನ್ನು ದೂರುವುದು ಅನ್ಯಾಯ.

2015 ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ “ಉದಯ್” ಯೋಜನೆ ತಂದಿತು. ಆ ವರ್ಷದ ಮಾರ್ಚಿ ಹೊತ್ತಿಗೆ ದೇಶದ ವಿದ್ಯುತ್ ವಿತರಣಾ ಕಂಪನಿಗಳ ಸಾಲ ಸುಮಾರು 4.3 ಲಕ್ಷ ಕೋಟಿ ರೂಪಾಯಿ. ಸಾಲ ವಹಿಸಿಕೊಳ್ಳಲು ಒಪ್ಪಿದ ರಾಜ್ಯಗಳು ಎರಡು ವರ್ಷದಲ್ಲಿ ತಮ್ಮ ಕಂಪನಿಗಳ ಸಾಲದ ನೂರಕ್ಕೆ 75 ಭಾಗವನ್ನು ತಮ್ಮ ಮೇಲೆ ಎಳೆದುಕೊಳ್ಳಬೇಕು ಅಂತ ಏರ್ಪಾಡು. ಕಂಪನಿಯ ಅಢಾವೆ ಪತ್ರಿಕೆ ಬೆಳಗಾಗುವುದರೊಳಗೆ ಚೊಕ್ಕಟವಾಯಿತು. ಸಾಲ ಎಲ್ಲಿಗೆ ಹೋಯಿತು? ರಾಜ್ಯದ ಪುಸ್ತಕಕ್ಕೆ. ಎತ್ತು ಕೊಟ್ಟಿಗೆ ಬದಲಾಯಿಸಿತು, ಹುಲ್ಲು ಹಾಕುವವರು ಅವರೇ. ರೈತನ ಸಾಲ ಮನ್ನಾ ಮಾಡಿ ಅಂದರೆ “ಸಾಲದ ಶಿಸ್ತು ಕೆಡುತ್ತದೆ” ಅಂತ ಉಪದೇಶ ಮಾಡುವ ದೊಡ್ಡ ಮನುಷ್ಯರು ಇದಕ್ಕೆ ಶಿಸ್ತಿನ ಮಾತು ಎತ್ತಲಿಲ್ಲ. ಇದಕ್ಕೆ ಸುಧಾರಣೆ ಅಂತ ಹೆಸರಿಟ್ಟರು.

ಹಾಗಾದರೆ ನಾವು ಮಾಡಬೇಕಾದದ್ದೇನು? ಅದೇ ಕಾಯಿದೆಯ 64 ನೇ ಕಲಂ ಪ್ರಕಾರ ದರ ಏರಿಸಬೇಕೆನ್ನುವ ಕಂಪನಿ ತನ್ನ ಅರ್ಜಿಯ ಸಾರಾಂಶವನ್ನು ಪ್ರಕಟಿಸಬೇಕು, ಆಯೋಗ ಸಾರ್ವಜನಿಕರ ಆಕ್ಷೇಪಣೆಗಳನ್ನು ಪರಿಗಣಿಸಿ 120 ದಿನದೊಳಗೆ ತೀರ್ಮಾನ ಕೊಡಬೇಕು. ನಮ್ಮ ರಾಜ್ಯದ ಆಯೋಗ 1999 ರಿಂದ ಇದೆ, ವಿಚಾರಣೆಯೂ ನಡೆಯುತ್ತದೆ. ಅಲ್ಲಿಗೆ ಬರಿಗೈಲಿ ಹೋಗಿ ಘೋಷಣೆ ಕೂಗಿ ಬಂದರೆ ಆಗದು. ಐದು ಪ್ರಶ್ನೆ ಬರೆದುಕೊಂಡು ಹೋಗಿ. ಐದು ವರ್ಷದಲ್ಲಿ ಕಂಪನಿಯ ಸಾಲದ ಪಾಲು ನೂರಕ್ಕೆ ಎಷ್ಟೆಷ್ಟು? ಬಡ್ಡಿಗಿಂತ ಲಾಭ ಎಷ್ಟು ಪಟ್ಟು? ಹೊಸ ಸಾಲದಲ್ಲಿ ತಂತಿ, ಟಿ.ಸಿ.ಗಳಿಗೆ ಹೋದದ್ದೆಷ್ಟು, ಹಳೇ ನಷ್ಟ ಮುಚ್ಚಲು ಹೋದದ್ದೆಷ್ಟು? ಸ್ಥಾವರಗಳಿಗೆ ಬಾಕಿ ಎಷ್ಟು? ಸರ್ಕಾರದಿಂದ ಬರಬೇಕಾದ ಸಹಾಯಧನ ಎಷ್ಟು, ಎಷ್ಟು ತಿಂಗಳಿಂದ?

ಈ ಐದರಲ್ಲಿ ಮೂರನೆಯದನ್ನು ಬಿಡಬೇಡಿ. ಕಂಬ, ತಂತಿ ಹಾಕಲು ಮಾಡಿದ ಸಾಲ ಬಾವಿ ತೋಡಿದ ಸಾಲವಿದ್ದಂತೆ, ನೀರು ಬರುತ್ತದೆ, ಸಾಲ ತೀರುತ್ತದೆ. ನಷ್ಟ ಮುಚ್ಚಲು ಮಾಡಿದ ಸಾಲ ಉಂಡು ಮುಗಿಸಿದ ಸಾಲ. ಅದರ ಬಡ್ಡಿಯನ್ನು ದರದ ಮೇಲೆ ಹೇರಲು ಬಂದಾಗ ಒಪ್ಪಬೇಡಿ. ಯಾರು ಉಂಡರು ಅಂತ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.