ಬಳ್ಳಿಯ ಪಟ್ಟಿ ಬರಿಯ ಅಲಂಕಾರವೇ?

ಹಾಸನ ಸೀಮೆಯ ಹೊಯ್ಸಳ ದೇವಾಲಯಗಳನ್ನು ನೋಡಬಂದವರು ಮದನಿಕೆಯರ ಮುಂದೆ ಗಳಿಗೆಗಟ್ಟಲೆ ನಿಲ್ಲುವರು; ರಾಮಾಯಣ ಭಾರತಗಳ ಕಥಾಚಿತ್ರಗಳನ್ನು ಬೆರಳಿಟ್ಟು ಗುರುತಿಸುವರು. ಅವುಗಳೊಡನೆಯೇ ಗೋಡೆಯನ್ನೆಲ್ಲ ಬಳಸಿ ಬಂದಿರುವ ಹೂಬಳ್ಳಿಯ ಪಟ್ಟಿಯನ್ನು ಮಾತ್ರ ಕೇಳುವವರಿಲ್ಲ. ‘ಅದು ಬರಿಯ ಅಲಂಕಾರ, ತೆರಪು ತುಂಬಲು ಕೆತ್ತಿದ್ದು’ ಎಂಬುದು ತಿಳಿದವರ ಬಾಯಲ್ಲಿಯೂ ಬರುವ ಮಾತು. ಈ ಮಾತು ಅವಿಚಾರದ್ದು. ಅಷ್ಟೇ ಅಲ್ಲ, ಹಾನಿಕರವಾದದ್ದು.

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವನ್ನೇ ನೋಡಬಹುದು. ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ಈ ಗುಡಿಯಲ್ಲಿ ಮಲ್ಲಿತಮ್ಮ, ಬೈಚೋಜರೆಂಬ ಶಿಲ್ಪಿಗಳು ತಮ್ಮ ಹೆಸರನ್ನೂ ಕೊರೆದಿರಿಸಿದ್ದಾರೆ. ಇಲ್ಲಿಯ ಗೋಡೆ ನೇರವಾದುದಲ್ಲ. ಅಡಿಗಡಿಗೂ ಮುಂಚಾಚಿ ಹಿಂಸರಿಯುವುದು. ಆನೆ ಕುದುರೆಗಳು ಬಿಡಿಬಿಡಿಯಾದ ಆಕೃತಿಗಳು. ಮೂಲೆ ಬಂದೊಡನೆ ಅವುಗಳ ಸಾಲು ಕಣ್ಣಿಗೆ ಕಡಿದಂತಾಗುವುದು. ಬಳ್ಳಿಯಾದರೋ ಏರಿ ಇಳಿದು, ಬಳುಕುಬಳುಕಿನಲ್ಲಿಯೂ ಎಲೆ ಹೂಗಳನ್ನು ಸುರುಳಿಗಟ್ಟಿಕೊಂಡು, ಕಣ್ಣನ್ನು ಮೂಲೆಯಿಂದಾಚೆಗೆ ಕರೆದೊಯ್ಯುವುದು. ಒಡೆದು ತೋರಬಹುದಾದ ಗೋಡೆಯನ್ನು ಒಂದಾಗಿ ಕಟ್ಟುವ ಕೆಲಸ ಅದರದು. ಹಾರದೊಳಗಿನ ದಾರವನ್ನು ತೆರಪು ತುಂಬುವ ವಸ್ತುವೆಂದು ಕರೆಯುವುದುಂಟೆ? ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಇಂತಹ ಪಟ್ಟಿ ಒಂದಲ್ಲ, ಎರಡು.

‘ಹೊಯ್ಸಳ ಶಿಲ್ಪಿಗೆ ಬರಿಗೋಡೆಯನ್ನು ಕಂಡರಾಗದು, ಅದಕ್ಕಾಗಿಯೇ ಈ ಬಳ್ಳಿ’ ಎಂದು ಆಕ್ಷೇಪಿಸುವವರು ಅದೇ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋಗಬೇಕು. ಮಂತ್ರಿ ಚಂದ್ರಮೌಳಿಯ ಪತ್ನಿ ಆಚಿಯಕ್ಕನು 1181ರಲ್ಲಿ ಕಟ್ಟಿಸಿದ ಅಕ್ಕನ ಬಸದಿಯ ಹೊರಗೋಡೆಯಲ್ಲಿ ಅರೆಗಂಬ, ಕಿರುಗೋಪುರಗಳ ಹೊರತು ಹೆಚ್ಚಿನದಿಲ್ಲ. ಉಳಿಯನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಆ ಕಾಲದವರು ಬಲ್ಲವರಾಗಿದ್ದರು.

‘ಹೂಮಾಲೆ ಎಲ್ಲ ದೇಶಗಳ ಕಟ್ಟಡಗಳಲ್ಲಿಯೂ ಉಂಟು, ಇಲ್ಲಿಯದೇನು ಹೆಚ್ಚು?’ ಎಂಬುದು ಇನ್ನೊಂದು ಆಕ್ಷೇಪ. ಉಂಟು, ನಿಜ. ರೋಮನರ ಬಲಿಪೀಠಗಳಲ್ಲಿ ಎತ್ತಿನ ತಲೆಬುರುಡೆಗಳಿಂದ ಹಾರಗಳು ಜೋಲುತ್ತವೆ; ಅಮರಾವತಿಯ ಸ್ತೂಪಶಿಲ್ಪದಲ್ಲಿ ಜನರು ದಪ್ಪ ಹಾರವನ್ನು ಹೆಗಲಮೇಲೆ ಹೊತ್ತು ನಡೆಯುತ್ತಾರೆ. ಆದರೆ ಅವು ಕೊಯ್ದ ಹೂವಿನ ಹಾರಗಳು. ನುಗ್ಗೇಹಳ್ಳಿಯದು ಬೆಳೆಯುತ್ತಿರುವ ಬಳ್ಳಿ. ಇಷ್ಟಕ್ಕೂ ಲೋಕಸಾಮಾನ್ಯವಾದುದೆಲ್ಲ ಹೀನವೆಂಬ ನ್ಯಾಯ ಎಲ್ಲಿಯದು?

ಅಲಂಕಾರವೆಂದರೆ ಬರಿಯದಲ್ಲವೆಂಬುದು ಈ ಸೀಮೆಯ ಗೃಹಿಣಿಯರಿಗೆ ತಿಳಿಯದ ಸಂಗತಿಯಲ್ಲ. ಹೊಳೆನರಸೀಪುರದಲ್ಲಾಗಲಿ ಅರಕಲಗೂಡಿನಲ್ಲಾಗಲಿ ಯುಗಾದಿಯಂದು ಮಾವಿನ ತೋರಣವಿಲ್ಲದ ಬಾಗಿಲು ಹಬ್ಬದ ಬಾಗಿಲೆನಿಸದು. ಆದರೆ ಅದೇ ಬಾಗಿಲಿಗೆ ಈಗ ಪ್ಲಾಸ್ಟಿಕ್ ತೋರಣ ಬಂದು, ಹಬ್ಬ ಕಳೆದರೂ ಧೂಳು ಹಿಡಿದು ನೇತಾಡುತ್ತಿರುವುದುಂಟು. ಮನೆಯಲ್ಲಿ ಜಡವಾದ ಕಣ್ಣು ಗುಡಿಯಲ್ಲಿ ಎಚ್ಚರವಾಗಿರುವುದೆಂತು? ಬರಿಯ ಅಲಂಕಾರವೆಂದ ಮೇಲೆ ದೀಪದ ಸರಕ್ಕೆ ಮೊಳೆ ಹೊಡೆಯುವ ಕೈ ಹಿಂಜರಿಯದು. ಸುಣ್ಣ, ಎಣ್ಣೆಬಣ್ಣಗಳನ್ನು ಮೆತ್ತುವ ಕುಂಚವೂ ಹಿಂಜರಿಯದು. ಬಳಪದ ಕಲ್ಲಿನಲ್ಲಿ ಎಲೆಯ ಅಡಿಗೂ ಉಳಿಯಿಟ್ಟು ಬಿಡಿಸಿದ ಆಳವು ಬಣ್ಣದಿಂದ ಮುಚ್ಚಿಹೋದರೆ ಉಳಿಯುವುದು ಉಬ್ಬುತಗ್ಗು ಮಾತ್ರ.

ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುದು ಸಂತೋಷದ ವಿಷಯ. ಆ ಕೀರ್ತಿಯ ಕಾವಲು ಮೂರಕ್ಕುಂಟು. ಮಿಕ್ಕ ಊರುಗಳ ಗುಡಿಗಳಿಗೆ ಊರವರ ಕಣ್ಣೇ ಮೊದಲ ಕಾವಲು. ಉಪಾಧ್ಯಾಯರು ಮಕ್ಕಳನ್ನು ಗುಡಿಗೆ ಕರೆದೊಯ್ದಾಗ ಮೊದಲು ಈ ಬಳ್ಳಿಯನ್ನು ತೋರಿಸಲಿ. ಧರ್ಮದರ್ಶಿಗಳು ಮೊಳೆಯನ್ನೂ ಬಣ್ಣವನ್ನೂ ಗೋಡೆಯಿಂದ ದೂರವಿಡಲಿ. ಏಳುನೂರು ವರ್ಷಗಳಿಗೂ ಮೀರಿ ಬಾಡದ ಬಳ್ಳಿಯು ನೋಡುವವರ ಅಲಕ್ಷ್ಯದಿಂದ ಬಾಡಿತೆಂಬ ಅಪಕೀರ್ತಿ ಈ ಜಿಲ್ಲೆಗೆ ಬರಬಾರದು.